ಬೇಡದ ಪಕ್ಷ ಪಾಲಿಗೆ ಬಂದಾಗ: ಬ್ರಿಟಿಷ್ ಸಾಮ್ರಾಜ್ಯದ ಯುದ್ಧಗಳ ಬಗ್ಗೆ ವಾದ ಕಟ್ಟುವ ಬಗೆ

ಫೆಬ್ರವರಿಯ ಒಂದು ರಾತ್ರಿ ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತಿದ್ದಾಗ ಮೊಮ್ಮಗಳ ವಿಡಿಯೊ ಕರೆ ಬಂತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಆಗಿನ್ನೂ ಸಂಜೆ. ಶಾಲೆಯಿಂದ ಬಂದವಳು ಕೊರಳಿನ ಟೈ ಕೂಡ ಬಿಚ್ಚಿರಲಿಲ್ಲ.

“ಅಜ್ಜ, ಚರ್ಚಾಸ್ಪರ್ಧೆ ಇದೆ. ಸಾಮ್ರಾಜ್ಯದ ಕಾಲದ ಯುದ್ಧಗಳಿಗಾಗಿ ಬ್ರಿಟನ್ ಕ್ಷಮೆ ಕೇಳಬೇಕು ಎಂಬುದು ವಿಷಯ. ಚೀಟಿ ಎತ್ತಿದರೆ ನನಗೆ ವಿರೋಧ ಪಕ್ಷ ಬಂದಿದೆ. ನಾನು ಎದ್ದು ನಿಂತು ಕ್ಷಮೆ ಬೇಡ ಎಂದರೆ ಎಲ್ಲರೂ ನಗುವುದಿಲ್ಲವೇ?”

ಅವರು ನಗುವ ಮೊದಲು ನಾನೇ ನಕ್ಕುಬಿಟ್ಟೆ. ಪುತ್ತೂರಿನ ಹತ್ತಿರದ ಹಳ್ಳಿಯೊಂದರಲ್ಲಿ 31 ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಮಾಡಿದವನು ನಾನು. ‘ಬ್ರಿಟಿಷರ ಆಳ್ವಿಕೆ ವರವೋ ಶಾಪವೋ’ ಎಂಬ ವಿಷಯಕ್ಕೆ ಎಷ್ಟು ಮಕ್ಕಳನ್ನು ತಯಾರು ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಹೀಗೆ ಸಿಕ್ಕಿಬಿದ್ದ ಮಗು ಇದೇ ಮೊದಲು. ಮುಂದಿನ ಮೂರು ವಾರ ದಿನಕ್ಕೆ ಅರ್ಧ ಗಂಟೆಯಂತೆ ನಾವು ಇಬ್ಬರೂ ಫೋನಿನಲ್ಲಿ ಕುಳಿತೆವು. ಮನೆಯಲ್ಲಿ ಇಂಥ ಮಗು, ಕೈಯಲ್ಲಿ ಇಂಥ ವಿಷಯ ಇರುವವರಿಗೆ ಉಪಯೋಗವಾದೀತೆಂದು ಆ ಮೂರು ವಾರಗಳ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾಲಿಯಾಗಿ, ಆಮೇಲೆ ರಾಮ

ಮಳೆಗಾಲದಲ್ಲಿ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುವ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ನಡೆಸುವ, ಚಟ ನನಗಿದೆ. ದೊಡ್ಡ ಅರ್ಥಧಾರಿಯೇನಲ್ಲ, ಯಾರಾದರೂ ಬಾರದಿದ್ದರೆ ಕರೆಯುತ್ತಾರೆ. ವಾಲಿವಧೆಯಲ್ಲಿ ನನಗೆ ಯಾವಾಗಲೂ ವಾಲಿಯ ಪಾತ್ರವೇ ಬೇಕಾಗಿತ್ತು. “ನಿನಗೂ ನನಗೂ ಏನು ಹಗೆ? ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷಾತ್ರ?” ಎಂದು ಎದೆಯಲ್ಲಿ ಬಾಣ ಇಟ್ಟುಕೊಂಡು ಕೇಳಿದರೆ ಸಾಕು, ಸಭೆಯೇ ವಾಲಿಯ ಕಡೆಗೆ ವಾಲುತ್ತದೆ. ಒಂದು ರಾತ್ರಿ ರಾಮನಾಗಬೇಕಾದವರಿಗೆ ಜ್ವರ ಬಂತು. ಭಾಗವತರು ನನ್ನ ಮುಖ ನೋಡಿದರು. ಪೀಠಿಕೆ ಹೇಗೋ ದಾಟಿತು. ವಾಲಿಯ ಮೂರನೆಯ ಪ್ರಶ್ನೆಗೆ ನನ್ನ ಬಾಯಿ ಒಣಗಿತು. ವಾಲಿಯ ಮಾತು ನನಗೆ ಬಾಯಿಪಾಠವಿತ್ತು, ಆದರೆ ಅದಕ್ಕೆ ಉತ್ತರ ಏನೆಂದು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಆದ್ದರಿಂದ ಮೊಮ್ಮಗಳಿಗೆ ಕೊಟ್ಟ ಮೊದಲ ಕೆಲಸ: ಕ್ಷಮೆ ಕೇಳಲೇಬೇಕು ಎಂದು ಏಳು ನಿಮಿಷ ಮಾತನಾಡು. ಎದುರು ಪಕ್ಷದ ಹುಡುಗರು ಕೇಳಿದರೆ ‘ಇದಕ್ಕಿಂತ ಚೆನ್ನಾಗಿ ನಮಗೂ ಹೇಳಲು ಬರುವುದಿಲ್ಲ’ ಅನ್ನಬೇಕು. ಅವಳಿಗೆ ಇದು ಸುಲಭ ಎಂದು ತೋರಿತು. ಮೂರು ನಿಮಿಷಕ್ಕೆ ಸರಕು ಮುಗಿಯಿತು. ಉಳಿದದ್ದು ಬರಿಯ ವಿಶೇಷಣಗಳು: ಕ್ರೂರ, ಅಮಾನವೀಯ, ಘೋರ. ವಿಶೇಷಣ ಬಂದಾಗಲೆಲ್ಲ ನಾನು ತಟ್ಟೆಗೆ ಚಮಚದಿಂದ ಬಡಿಯುತ್ತಿದ್ದೆ. ಎರಡನೆಯ ದಿನದ ಹೊತ್ತಿಗೆ ಚಮಚದ ಸದ್ದು ಕಡಿಮೆಯಾಯಿತು.

ವಾಲಿಗೆ ರಾಮ ಕೊಡುವ ಉತ್ತರಗಳಲ್ಲಿ ಒಂದಿದೆ. ಈ ಭೂಮಿ ಬೆಟ್ಟ ಕಾಡುಗಳ ಸಮೇತ ಇಕ್ಷ್ವಾಕುಗಳದ್ದು, ಅರಸನಾದ ಭರತನ ಪರವಾಗಿ ಧರ್ಮ ತಪ್ಪಿದವರನ್ನು ದಂಡಿಸುತ್ತಿದ್ದೇನೆ ಎನ್ನುವುದು. ಬಲ್ಲ ವಾಲಿ ಇಲ್ಲೇ ಹಿಡಿಯುತ್ತಾನೆ: ಕಿಷ್ಕಿಂಧೆಯನ್ನು ನಿಮ್ಮ ವಂಶಕ್ಕೆ ಬರೆದುಕೊಟ್ಟವರು ಯಾರು ಸ್ವಾಮಿ? ರಾಮನ ಅರ್ಥ ಹೇಳುವವನು ಅದಕ್ಕೂ ಉತ್ತರ ಇಟ್ಟುಕೊಂಡಿರಬೇಕು. ಅಧಿಕಾರ ಎಲ್ಲಿಂದ ಬಂತು ಎಂಬ ಈ ಪ್ರಶ್ನೆಯನ್ನು ಕಾಗದದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದೆ.

ಜಳ್ಳು ತೂರುವುದು

ಎರಡನೆಯ ಕೆಲಸ ಕಸ ಗುಡಿಸುವುದು. ಸಾಮ್ರಾಜ್ಯದ ವಿಷಯದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಮಾತುಗಳಲ್ಲಿ ಜಳ್ಳೇ ಜಾಸ್ತಿ, ಅದರಿಂದ ನಾನೂ ಪೆಟ್ಟು ತಿಂದಿದ್ದೇನೆ. ಹಲವು ವರ್ಷಗಳ ಹಿಂದೆ ಜಿಲ್ಲಾ ಮಟ್ಟದ ಸ್ಪರ್ಧೆಯೊಂದರಲ್ಲಿ ನನ್ನ ವಿದ್ಯಾರ್ಥಿ ಮೆಕಾಲೆಯ ‘ಭಾಷಣ’ವನ್ನು ಗಡಗಡ ಹೇಳಿದ. ಭಾರತದ ಉದ್ದಗಲ ತಿರುಗಿದರೂ ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ, ಈ ದೇಶದ ಬೆನ್ನುಮೂಳೆ ಮುರಿಯಬೇಕು ಎಂದು 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಮೆಕಾಲೆ ಹೇಳಿದ ಎಂಬ, ಎಲ್ಲರೂ ಓದಿರುವ ಆ ತುಣುಕು. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು, “ಆ ದಿನ ಮೆಕಾಲೆ ಕಲ್ಕತ್ತೆಯಲ್ಲಿದ್ದನಲ್ಲಪ್ಪಾ, ಲಂಡನ್ನಿನ ಸಂಸತ್ತಿಗೆ ಹೇಗೆ ಹೋದ?” ಎಂದು ಕೇಳಿದರು. ಹುಡುಗ ನನ್ನ ಕಡೆ ನೋಡಿದ. ನಾನು ಚಪ್ಪಲಿ ನೋಡಿಕೊಂಡೆ. ಅದನ್ನು ಬರೆಸಿದವನು ನಾನೇ.

ಆ ದಿನಾಂಕದಂದು ಮೆಕಾಲೆ ನಿಜವಾಗಿ ಬರೆದದ್ದು ಶಿಕ್ಷಣದ ಬಗೆಗಿನ ಟಿಪ್ಪಣಿ. ಯುರೋಪಿನ ಒಂದು ಒಳ್ಳೆಯ ಗ್ರಂಥಾಲಯದ ಒಂದೇ ಒಂದು ಕಪಾಟು ಭಾರತ ಮತ್ತು ಅರಬ್ ದೇಶಗಳ ಇಡೀ ಸಾಹಿತ್ಯಕ್ಕೆ ಸಮ ಎಂಬ ಮಾತು ಅದರಲ್ಲಿದೆ. ಅಸಲಿಯೇ ಇಷ್ಟು ಖಾರವಾಗಿರುವಾಗ ನಕಲಿ ಯಾಕೆ ಬೇಕಿತ್ತೋ!

ಢಾಕಾದ ನೇಕಾರರ ಹೆಬ್ಬೆರಳನ್ನು ಬ್ರಿಟಿಷರು ಕತ್ತರಿಸಿದರು ಎಂಬುದೂ ಹೀಗೆಯೇ. 1772ರಲ್ಲಿ ವಿಲಿಯಂ ಬೋಲ್ಟ್ಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಮಾಜಿ ನೌಕರ ದಾಖಲಿಸಿದ್ದು ಬೇರೆ: ರೇಷ್ಮೆ ನೂಲು ಸುತ್ತುವವರು ಬಲವಂತದ ದುಡಿಮೆ ತಾಳಲಾರದೆ ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡ ಪ್ರಸಂಗಗಳುಂಟು ಎಂದು. ಇದನ್ನು ಹೇಳಿದಾಗ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜ, ಇದು ಇನ್ನೂ ಕೆಟ್ಟದ್ದಲ್ಲವೇ?” ಎಂದಳು.

ಭಾರತದಿಂದ 45 ಲಕ್ಷ ಕೋಟಿ ಡಾಲರ್ ಹೋಯಿತು ಎಂಬ ಲೆಕ್ಕವನ್ನು ಬಳಸುವುದಾದರೆ, ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಅದನ್ನು ಹಳೆಯ ಮೊತ್ತಗಳಿಗೆ ಶೇ 5ರ ಬಡ್ಡಿ ಕಟ್ಟಿ ತೆಗೆದರು ಎಂಬುದೂ ಬಾಯಲ್ಲಿರಲಿ. ಬಡ್ಡಿಯ ಮಾತು ಎದುರಿನವನ ಬಾಯಿಂದ ಮೊದಲು ಬಂದರೆ ನೀವು ಕೆಟ್ಟಿರಿ.

ನಮ್ಮ ಮಂಗಳೂರನ್ನು ಬಂಡುಕೋರರು ಕೆಲವು ದಿನ ಹಿಡಿದಿಟ್ಟುಕೊಂಡ 1837ರ ಕಥೆಯನ್ನು ಸೇರಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಸೇರಿಸಲಿಲ್ಲ. ರೆಡಿಂಗಿನ ತೀರ್ಪುಗಾರರಿಗೆ ಮಂಗಳೂರು ಎಲ್ಲಿದೆ ಎಂದು ವಿವರಿಸುವುದರಲ್ಲೇ ಎರಡು ನಿಮಿಷ ಹೋಗುತ್ತದೆ. ಕೇಳುವವರಿಗೆ ಅರ್ಧ ಗೊತ್ತಿರುವ ಸಂಗತಿಯನ್ನು ಎತ್ತಿಕೊಂಡು, ಗೊತ್ತಿಲ್ಲದ ಇನ್ನರ್ಧವನ್ನು ತೋರಿಸುವುದು ಹೆಚ್ಚು ಉಪಯೋಗ.

ಅವರದೇ ಸಂಸತ್ತಿನ ಕಡತ ತೆಗೆಯಿರಿ

ಈ ಚರ್ಚೆಯಲ್ಲಿ ಹತ್ತರಲ್ಲಿ ಒಂಬತ್ತು ಸಲ ಬರುವ ಮಾತು: ‘ಆ ಕಾಲವನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು.’ ಇದಕ್ಕೆ ಮದ್ದು ಬ್ರಿಟಿಷ್ ಸಂಸತ್ತಿನ ನಡಾವಳಿಯಲ್ಲೇ ಇದೆ. ಹ್ಯಾನ್ಸಾರ್ಡ್ ಎಂದು ಕರೆಯುವ ಆ ಕಡತಗಳು 1803ರಿಂದ ಈಚೆಗೆ ಅಂತರಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಹಳೆಯ ಸಂಪುಟಗಳನ್ನು ಪತ್ರಿಕಾ ವರದಿಗಳಿಂದ ಹೆಕ್ಕಿ ಜೋಡಿಸುತ್ತಿದ್ದರು. ಮಾತನ್ನು ಬಹುಪಾಲು ಆಡಿದಂತೆಯೇ ಬರೆದುಕೊಳ್ಳುವ ಪದ್ಧತಿ ಬಂದದ್ದು 1909ರಲ್ಲಿ. ಹಾಗಾಗಿ ಹಳೆಯ ಭಾಷಣದ ಒಂದೊಂದು ಪದಕ್ಕೂ ಜೋತುಬೀಳಬಾರದು.

ನಾವು 1840ರ ಏಪ್ರಿಲ್ ತೆಗೆದೆವು: ಅಫೀಮು ಯುದ್ಧದ ಚರ್ಚೆ. ಹಿಂದಿನ ವರ್ಷ ಚೀನಾದ ಅಧಿಕಾರಿ ಲಿನ್ ಜೆಷು ಬ್ರಿಟಿಷ್ ವ್ಯಾಪಾರಿಗಳಿಂದ 20,283 ಪೆಟ್ಟಿಗೆ ಅಫೀಮು ವಶಪಡಿಸಿಕೊಂಡು ನಾಶ ಮಾಡಿಸಿದ್ದ. ಆ ಅಫೀಮಿನ ಬಹುಪಾಲು ಬೆಳೆದದ್ದು ನಮ್ಮ ಬಿಹಾರ, ಬನಾರಸ್, ಮಾಳವದ ಹೊಲಗಳಲ್ಲಿ. ಪಟ್ನಾ, ಗಾಜೀಪುರಗಳಲ್ಲಿ ಅದನ್ನು ಹದ ಮಾಡಿ ಹರಾಜಿಗೆ ಕಳುಹಿಸುತ್ತಿದ್ದುದು ಕಂಪನಿ ಸರಕಾರವೇ.

ಒಂದು ಸಂಸತ್ ಚರ್ಚೆಯನ್ನು ಹೇಗೆ ಓದುವುದೆಂದು ಅವಳಿಗೆ ಇಲ್ಲಿ ತೋರಿಸಿದೆ. ಮೊದಲು ಗೊತ್ತುವಳಿಯ ಮಾತುಗಳನ್ನು ಓದು, ಭಾಷಣಗಳನ್ನಲ್ಲ. ಸರ್ ಜೇಮ್ಸ್ ಗ್ರಹಾಂ ತಂದ ಗೊತ್ತುವಳಿಯಲ್ಲಿ ಯುದ್ಧ ಪಾಪ ಎಂದೇನೂ ಇಲ್ಲ. ಚೀನಾದ ಕ್ಯಾಂಟನ್ ಬಂದರಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್‌ನಿಗೆ ಸರಿಯಾದ ಸೂಚನೆ, ಅಧಿಕಾರ ಕೊಡದೆ ಸರಕಾರ ಎಡವಿತು ಎಂದಷ್ಟೇ ಇದೆ. ಅದು ವಿರೋಧ ಪಕ್ಷ ಸರಕಾರವನ್ನು ಬೀಳಿಸಲು ಹೂಡಿದ ಆಟ.

ಆಮೇಲೆ ತಾರೀಕು ನೋಡು. ಚೀನಾಕ್ಕೆ ನೌಕಾಪಡೆ ಕಳುಹಿಸಲು ಮಂತ್ರಿಮಂಡಲ ಒಪ್ಪಿದ್ದು 1839ರ ಅಕ್ಟೋಬರ್ 1ರಂದು. ಸಂಸತ್ತಿನಲ್ಲಿ ಚರ್ಚೆ ನಡೆದದ್ದು ಅದಕ್ಕೆ ಆರು ತಿಂಗಳ ನಂತರ. ಮದುವೆ ಮುಗಿದು ಬೀಗರು ಹೊರಟ ಮೇಲೆ ಜಾತಕ ಬಿಡಿಸಿದಂತೆ.

ಇನ್ನು ಭಾಷಣಗಳು. ಸರಕಾರದ ಪರ ಎದ್ದವನು ಯಾರು? ಯುದ್ಧ ಖಾತೆಯ ಮಂತ್ರಿಯಾಗಿದ್ದ ಅದೇ ನಮ್ಮ ಮೆಕಾಲೆ! ಕ್ಯಾಂಟನ್ನಿನಲ್ಲಿ ಸಿಕ್ಕಿಬಿದ್ದ ಇಂಗ್ಲಿಷರ ತಲೆಯ ಮೇಲೆ ಎಲಿಯಟ್ ಬ್ರಿಟಿಷ್ ಬಾವುಟ ಹಾರಿಸಿದ್ದನ್ನು ಬಣ್ಣಿಸಿ ಸಭೆಗೆ ರೋಮಾಂಚನ ತರಿಸಿದ. ಮರುದಿನ ಎದ್ದವನು ವಿಲಿಯಂ ಗ್ಲ್ಯಾಡ್‌ಸ್ಟನ್, ವಯಸ್ಸು 30. ಮೂಲದಲ್ಲಿ ಇದಕ್ಕಿಂತ ಅನ್ಯಾಯದ, ದೇಶಕ್ಕೆ ಇದಕ್ಕಿಂತ ಶಾಶ್ವತ ಅಪಕೀರ್ತಿ ತರುವ ಯುದ್ಧವನ್ನು ತಾನು ಕಂಡಿಲ್ಲ, ಓದಿಲ್ಲ ಎಂದ. ಆ ಬಾವುಟ ಹಾರುತ್ತಿರುವುದು ಕಳ್ಳಸಾಗಣೆಯನ್ನು ಕಾಯುವುದಕ್ಕೆ ಎಂದ. ಮತ ಹಾಕಿದಾಗ ಸರಕಾರ ಉಳಿಯಿತು: 271ಕ್ಕೆ 262, ಒಂಬತ್ತೇ ಮತಗಳ ಅಂತರ.

“ಅಂದರೆ ಆ ಕಾಲದ ಅಳತೆಗೋಲು ಆ ಕಾಲದಲ್ಲೇ ಇತ್ತು!” ಎಂದು ಮೊಮ್ಮಗಳು ಕುರ್ಚಿಯಿಂದ ಎದ್ದಳು. “ಕೂರು ಕೂಸೇ, ಇನ್ನೂ ಮುಗಿದಿಲ್ಲ” ಎಂದೆ. ಸಾಕ್ಷಿ ಹೇಳಿದವನ ಜೇಬನ್ನೂ ತಡವಬೇಕು. ಗ್ಲ್ಯಾಡ್‌ಸ್ಟನ್‌ನ ತಂದೆಗೆ ವೆಸ್ಟ್ ಇಂಡೀಸಿನಲ್ಲಿ ಕಬ್ಬಿನ ತೋಟಗಳಿದ್ದವು. 1833ರಲ್ಲಿ ಗುಲಾಮಗಿರಿ ರದ್ದಾದಾಗ ಸರಕಾರ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಮಾಲೀಕರಿಗೆ, ಗುಲಾಮರಿಗೆ ಬಿಡಿಗಾಸೂ ಇಲ್ಲ. ಅದರಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಈ ತಂದೆಯ ಪಾಲಿಗೆ ಬಂತು. ಮಗ ಸಂಸತ್ತಿಗೆ ಹೊಸಬನಾಗಿದ್ದಾಗ ಮಾತನಾಡಿದ್ದು ಅಪ್ಪನ ತೋಟವನ್ನು ಸಮರ್ಥಿಸಿಕೊಂಡು. ಮುಂದೆ 1882ರಲ್ಲಿ ಅವನೇ ಪ್ರಧಾನಿಯಾಗಿದ್ದಾಗ ಬ್ರಿಟಿಷ್ ಹಡಗುಗಳು ಅಲೆಕ್ಸಾಂಡ್ರಿಯದ ಮೇಲೆ ಗುಂಡಿನ ಮಳೆ ಸುರಿಸಿದವು, ಸೈನ್ಯ ಈಜಿಪ್ಟನ್ನು ಹಿಡಿಯಿತು. ಈಜಿಪ್ಟಿನ ಸಾಲಪತ್ರಗಳಲ್ಲಿ ಅವನ ಸ್ವಂತ ಹಣವೂ ಇತ್ತು. ಆಗ ಮಂತ್ರಿಪದವಿ ಬಿಟ್ಟು ಹೊರಬಂದವನು ಜಾನ್ ಬ್ರೈಟ್. ಯಾವ ಯುದ್ಧದ ಬಗ್ಗೆ ವಾದಿಸುವುದಿದ್ದರೂ ರಾಜೀನಾಮೆ ಕೊಟ್ಟವರು ಯಾರೆಂದು ಹುಡುಕಿ ಇಟ್ಟುಕೊಳ್ಳಿ. 1882ಕ್ಕೆ ಬ್ರೈಟ್, 1914ರ ಮಹಾಯುದ್ಧಕ್ಕೆ ಜಾನ್ ಮಾರ್ಲೆ, ಇರಾಕಿಗೆ 2003ರ ಮಾರ್ಚ್ 17ರಂದು ರಾಬಿನ್ ಕುಕ್. ಕುರ್ಚಿ ಬಿಟ್ಟವನ ಮಾತಿಗೆ ತೂಕ ಬೇರೆ.

ಕೊನೆಗೆ ಯುದ್ಧದ ಖರ್ಚು ಯಾರು ಕಟ್ಟಿದರು ಎಂದು ನೋಡಬೇಕು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಚೀನಾ 2.1 ಕೋಟಿ ಬೆಳ್ಳಿ ಡಾಲರ್ ದಂಡ ತೆತ್ತಿತು. ಅದರಲ್ಲಿ 60 ಲಕ್ಷ ನಾಶವಾದ ಅಫೀಮಿನ ಬೆಲೆ. ಹೋರಾಡಿದವರಲ್ಲಿ ಮದರಾಸಿನ ಸಿಪಾಯಿಗಳೂ ಇದ್ದರು. 1841ರ ಮೇ ತಿಂಗಳಲ್ಲಿ ಕ್ಯಾಂಟನ್ನಿನ ಹತ್ತಿರದ ಗದ್ದೆಗಳಲ್ಲಿ ಬಂದೂಕಿನ ಮದ್ದು ಮಳೆಗೆ ನೆನೆದು, ಹಳ್ಳಿಗರ ಭರ್ಜಿಗಳ ನಡುವೆ ಸಿಕ್ಕಿಬಿದ್ದದ್ದು 37ನೆಯ ಮದ್ರಾಸ್ ಪದಾತಿದಳದ ಒಂದು ತುಕಡಿ. ನಮ್ಮವರ ಹೊಲದ ಅಫೀಮು, ನಮ್ಮವರದೇ ಕೈಯ ಬಂದೂಕು. ನಾವು ಬರಿಯ ಬಲಿಪಶುಗಳು ಎಂದು ಶುರು ಮಾಡಿದ ವಾದ ಇಲ್ಲಿಗೆ ಬಂದಾಗ ಮುಗ್ಗರಿಸುತ್ತದೆ. ಎದುರಿನವರು ಎತ್ತುವ ಮೊದಲು ನೀವೇ ಇದನ್ನು ಹೇಳಿಬಿಡುವುದು ಲೇಸು.

ಹೊಗಳಿಕೆಯೊಳಗಿನ ಜಾಣತನ

ಜಲಿಯನ್‌ವಾಲಾ ಬಾಗ್ ಬಿಟ್ಟು ಈ ವಿಷಯ ಮುಗಿಯುವುದಿಲ್ಲ. 1919ರ ಏಪ್ರಿಲ್ 13ರ ಸಂಗತಿ ನಮ್ಮ ಮಕ್ಕಳಿಗೆ ಗೊತ್ತು: ಡೈಯರ್, 1,650 ಗುಂಡು, ಸರಕಾರದ ಲೆಕ್ಕದಲ್ಲಿ 379 ಸಾವು, ಕಾಂಗ್ರೆಸ್ಸಿನ ಲೆಕ್ಕದಲ್ಲಿ ಸುಮಾರು ಸಾವಿರ. ಗುಂಡು ಹಾರಿಸಿದ ಐವತ್ತು ಮಂದಿಯಲ್ಲಿ ಬ್ರಿಟಿಷ್ ಸಿಪಾಯಿ ಒಬ್ಬನೂ ಇರಲಿಲ್ಲ. ಅಷ್ಟಾಗಿ ಗೊತ್ತಿಲ್ಲದ್ದು 1920ರ ಜುಲೈ. ಆ ತಿಂಗಳ 8ರಂದು ಕೆಳಮನೆಯಲ್ಲಿ ಚರ್ಚಿಲ್ ಎದ್ದು ಆ ಘಟನೆಯನ್ನು ರಾಕ್ಷಸೀಯ ಎಂದ. ಇಂದಿಗೂ ಚರ್ಚಿಲ್‌ನ ಅಭಿಮಾನಿಗಳು ಇದನ್ನೇ ಮುಂದೆ ಹಿಡಿಯುತ್ತಾರೆ.

ನಾನು ಮೊಮ್ಮಗಳಿಗೆ ಆ ವಾಕ್ಯವನ್ನು ಕೊನೆಯವರೆಗೆ ಓದಿಸಿದೆ. ಇದು ತಾನೇ ತಾನಾಗಿ, ಒಂಟಿಯಾಗಿ ನಿಂತ ಘಟನೆ ಎಂದು ಮುಂದೆ ಇದೆ. “ಈ ‘ಒಂಟಿ’ ಎಂಬ ಮಾತು ಏನು ಮಾಡುತ್ತದೆ ಹೇಳು?” ಎಂದೆ. ಪೆನ್ಸಿಲ್ ಕಚ್ಚುತ್ತ ಕುಳಿತಳು. ಆಮೇಲೆ, “ಉಳಿದದ್ದನ್ನೆಲ್ಲ ತೊಳೆದುಬಿಡುತ್ತದೆ” ಎಂದಳು. ಸರಿಯಾಗಿ ಹಿಡಿದಳು. ಒಬ್ಬ ಡೈಯರ್ ಕೆಟ್ಟವನು, ಮಿಕ್ಕ ವ್ಯವಸ್ಥೆ ಒಳ್ಳೆಯದು. ಅದೇ ತಿಂಗಳು ಮೇಲ್ಮನೆ 129ಕ್ಕೆ 86 ಮತಗಳಿಂದ ಡೈಯರ್‌ನ ಪರ ನಿಂತಿತು. ಪತ್ರಿಕೆಯೊಂದು ಎತ್ತಿದ ನಿಧಿಗೆ 26,000 ಪೌಂಡಿಗೂ ಹೆಚ್ಚು ಬಂತು. ಇಷ್ಟು ಜನ ಬೆನ್ನಿಗಿರುವಾಗ ಅದು ಒಂಟಿ ಹೇಗಾಯಿತು?

2013ರಲ್ಲಿ ಅಮೃತಸರಕ್ಕೆ ಬಂದ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಸಂದರ್ಶಕರ ಪುಸ್ತಕದಲ್ಲಿ ನಾಚಿಕೆಗೇಡಿನ ಘಟನೆ ಎಂದು ಬರೆದರು, ಚರ್ಚಿಲ್‌ನ ಆ ಮಾತನ್ನೂ ಎತ್ತಿಕೊಂಡರು. 2019ರಲ್ಲಿ ತೆರೇಸಾ ಮೇ ವಿಷಾದ ವ್ಯಕ್ತಪಡಿಸಿದರು. ‘ಕ್ಷಮಿಸಿ’ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ಯುದ್ಧಕ್ಕೆ ಇಳಿಯುವ ನ್ಯಾಯ, ಯುದ್ಧದೊಳಗಿನ ನ್ಯಾಯ

ಇದರಲ್ಲಿ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ, ದೊಡ್ಡವರೂ. ಯುದ್ಧಕ್ಕೆ ಇಳಿದದ್ದು ಸರಿಯೇ ಎಂಬುದು ಒಂದು ಪ್ರಶ್ನೆ. ಇಳಿದ ಮೇಲೆ ನಡೆದುಕೊಂಡದ್ದು ಸರಿಯೇ ಎಂಬುದು ಇನ್ನೊಂದು. ಭೀಮನಿಗೆ ಯುದ್ಧ ಮಾಡಲು ನ್ಯಾಯವಾದ ಕಾರಣವಿತ್ತು. ಆದರೂ ತೊಡೆಗೆ ಹೊಡೆದದ್ದಕ್ಕೆ ಬಲರಾಮ ನೇಗಿಲು ಎತ್ತಿ ನಿಂತ. ಇಷ್ಟು ಹೇಳಿದರೆ ನಮ್ಮ ಕಡೆಯ ಮಕ್ಕಳಿಗೆ ಬೇರೆ ವಿವರಣೆ ಬೇಡ.

ಹಿಟ್ಲರನ ವಿರುದ್ಧದ ಯುದ್ಧ ನ್ಯಾಯದ ಯುದ್ಧ ಎನ್ನುವವರೊಂದಿಗೆ ನಾನು ಜಗಳ ಆಡುವುದಿಲ್ಲ. ಆದರೆ 1939ರ ಸೆಪ್ಟೆಂಬರ್ 3ರಂದು ಭಾರತವೂ ಯುದ್ಧದಲ್ಲಿದೆ ಎಂದು ವೈಸರಾಯ್ ಲಿನ್‌ಲಿತ್‌ಗೋ ಯಾರನ್ನೂ ಕೇಳದೆ ಘೋಷಿಸಿದ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಸತ್ತರು ಎಂಬುದು ಹೆಚ್ಚಿನವರು ಒಪ್ಪುವ ಅಂದಾಜು. ಚರ್ಚಿಲ್‌ನ ಮಂತ್ರಿಮಂಡಲ ಧಾನ್ಯದ ಹಡಗುಗಳನ್ನು ಬೇಕಾದಷ್ಟು ಕೊಡಲಿಲ್ಲ ಎಂಬುದು ಒಂದು ಕಡೆ. ಬರ್ಮಾ ಜಪಾನಿನ ವಶವಾಗಿ ಅಕ್ಕಿ ನಿಂತದ್ದು, 1942ರ ಅಕ್ಟೋಬರಿನ ಚಂಡಮಾರುತ, ಪ್ರಾಂತಗಳು ಒಂದಕ್ಕೊಂದು ಧಾನ್ಯ ಬಿಡದೆ ಗಡಿ ಮುಚ್ಚಿದ್ದು, ಧಣಿಗಳ ದಾಸ್ತಾನು ಇನ್ನೊಂದು ಕಡೆ. ಎರಡನ್ನೂ ಬರೆದುಕೊಳ್ಳಬೇಕು. ‘ಚರ್ಚಿಲ್ ಕೊಂದ’ ಎಂದು ಒಂದೇ ಉಸಿರಿಗೆ ಹೇಳುವವನಿಗಿಂತ, ಇವೆಲ್ಲ ಇದ್ದರೂ ಹಡಗಿನ ತೀರ್ಮಾನ ಯಾರ ಕೈಯಲ್ಲಿತ್ತು ಎಂದು ಕೇಳುವವನನ್ನು ಎದುರಿಸುವುದು ಕಷ್ಟ.

ಅವಳ ವಾದ ಹುಟ್ಟಿದ ಗಳಿಗೆ

ಹತ್ತು ದಿನವಾದರೂ ಅವಳ ಸ್ವಂತ ಪಕ್ಷಕ್ಕೆ ವಾದ ಸಿಕ್ಕಿರಲಿಲ್ಲ. ರೈಲು ಕೊಟ್ಟೆವು, ಕಾನೂನು ಕೊಟ್ಟೆವು ಎಂಬ ದಾರಿ ಅವಳಿಗೆ ಬೇಡ. ಅದರಲ್ಲಿ ತಿರುಳೂ ಇಲ್ಲ. ರೈಲು ಕಂಪನಿಗಳಿಗೆ ಶೇ 5ರ ಲಾಭದ ಖಾತರಿ ಕೊಟ್ಟದ್ದು ಭಾರತದ ಬೊಕ್ಕಸದಿಂದ ಎಂದು ಎದುರಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಯಾರೋ ಮಾಡಿದ್ದಕ್ಕೆ ಇನ್ಯಾರೋ ಯಾಕೆ ಕ್ಷಮೆ ಕೇಳಬೇಕು ಎಂಬುದೂ ಹಳಸಲು. ಗುಲಾಮರ ಮಾಲೀಕರಿಗೆ ಕೊಡಲು ಮಾಡಿದ ಆ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಸಾಲ ಮುಂದುವರಿದರೆ ಹೊಣೆ ಮುಂದುವರಿಯದೇ?

ಆಗ ಅವಳ ಕೈಗೆ ಕೀನ್ಯಾ ಸಿಕ್ಕಿತು. 1950ರ ದಶಕದ ಮೌ ಮೌ ಬಂಡಾಯದ ಕಾಲದಲ್ಲಿ ಶಿಬಿರಗಳಲ್ಲಿ ಚಿತ್ರಹಿಂಸೆ ಅನುಭವಿಸಿದ್ದ ವೃದ್ಧರು ಲಂಡನ್ನಿನ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯ ಒತ್ತಡದಿಂದ 2011ರಲ್ಲಿ ಒಂದು ಗುಟ್ಟು ಹೊರಬಿತ್ತು. ಹ್ಯಾನ್‌ಸ್ಲೋಪ್ ಪಾರ್ಕ್ ಎಂಬಲ್ಲಿ 37 ಹಳೆಯ ವಸಾಹತುಗಳ ಸುಮಾರು 8,800 ಕಡತಗಳನ್ನು ವಿದೇಶಾಂಗ ಇಲಾಖೆ ಮುಚ್ಚಿಟ್ಟಿತ್ತು. ಸರಕಾರಕ್ಕೆ ಮುಜುಗರ ತರುವ ಕಾಗದಗಳು ಹೊಸ ಸರಕಾರಗಳ ಕೈಗೆ ಹೋಗಬಾರದೆಂದು ವಸಾಹತುಗಳಲ್ಲಿ ಸುಟ್ಟವು ಬೇರೆ. 2013ರ ಜೂನ್ 6ರಂದು ವಿದೇಶಾಂಗ ಮಂತ್ರಿ ವಿಲಿಯಂ ಹೇಗ್ ಸಂಸತ್ತಿನಲ್ಲಿ ವಿಷಾದ ಹೇಳಿ, 5,228 ಮಂದಿಗೆ ಒಟ್ಟು 1.99 ಕೋಟಿ ಪೌಂಡ್ ಕೊಡುವುದಾಗಿ ಪ್ರಕಟಿಸಿದರು.

“ಅಜ್ಜ, ಇವರಿಗೆ ದುಡ್ಡು ಬರಿಸಿದ್ದು ಕ್ಷಮೆಯಲ್ಲ, ಕಡತ” ಎಂದಳು. ನಾನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಮತ್ತೆ ಕುಳಿತೆ. ವಾದ ಹುಟ್ಟಿತ್ತು: ಕ್ಷಮೆ ಬೇಡ, ಯಾಕೆಂದರೆ ಅದು ತೀರಾ ಅಗ್ಗ. ಒಂದು ಸಾಕ್ಷಿಯೂ ಸಿಕ್ಕಿತು. 1997ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದ ಬಗ್ಗೆ ಟೋನಿ ಬ್ಲೇರ್ ಹೆಸರಿನಲ್ಲಿ ತಪ್ಪೊಪ್ಪಿಗೆಯ ಹೇಳಿಕೆಯೊಂದನ್ನು ಸಮಾರಂಭದಲ್ಲಿ ಓದಲಾಯಿತು, ಎಲ್ಲರೂ ಮೆಚ್ಚಿದರು. 2021ರಲ್ಲಿ ಬಿಡುಗಡೆಯಾದ ದಾಖಲೆಗಳ ಪ್ರಕಾರ ಅದನ್ನು ಅವಸರದಲ್ಲಿ ಬರೆದವರು ಸಹಾಯಕರು, ಬ್ಲೇರ್ ನೋಡಿಯೂ ಇರಲಿಲ್ಲ. ಅದೇ ಬ್ಲೇರ್ 2003ರ ಮಾರ್ಚ್ 18ರಂದು ಇರಾಕ್ ಯುದ್ಧಕ್ಕೆ 412ಕ್ಕೆ 149 ಮತಗಳ ಒಪ್ಪಿಗೆ ಪಡೆದರು. ಅದಕ್ಕೆ 86 ವರ್ಷ ಹಿಂದೆ, 1917ರ ಮಾರ್ಚ್ 19ರಂದು, ಬಾಗ್ದಾದ್ ಹಿಡಿದ ಜನರಲ್ ಮಾಡ್ ‘ಗೆಲ್ಲಲು ಬಂದವರಲ್ಲ, ಬಿಡುಗಡೆ ಮಾಡಲು ಬಂದವರು’ ಎಂದು ಸಾರಿದ್ದ.

ಈ ಬಗೆಯ ವಾದಕ್ಕೆ ಒಂದು ಅಪಾಯವಿದೆ. ಪಕ್ಷ ಬದಲಿಸಿದಂತೆ ಕಾಣಬಾರದು. ಕ್ಷಮೆ ಬೇಡ ಎಂದು ಮೊದಲ ಅರ್ಧ ನಿಮಿಷದಲ್ಲೇ ಖಡಾಖಂಡಿತವಾಗಿ ಹೇಳಿ, ಮುಂದಿನ ಪ್ರತಿ ಸಂಗತಿಯ ಕೊನೆಗೂ ಅಲ್ಲಿಗೇ ಬರಬೇಕು. ಭಾಗವತರ ಪದ್ಯ ಬಿಟ್ಟು ಅಲೆದ ಅರ್ಥಧಾರಿಯನ್ನು ಸಭೆ ಕ್ಷಮಿಸುವುದಿಲ್ಲ.

ಆ ದಿನ

ಅವರ ಕ್ರಮದಲ್ಲಿ ಭಾಷಣದ ನಡುವೆ ಎದುರಿನವರು ಎದ್ದು ಪ್ರಶ್ನೆ ಕೇಳಬಹುದು. ಮೊದಲ ಮತ್ತು ಕೊನೆಯ ನಿಮಿಷಗಳಲ್ಲಿ ಮಾತ್ರ ಕೇಳುವಂತಿಲ್ಲ. ಎಲ್ಲವನ್ನೂ ತೆಗೆದುಕೊಂಡರೆ ಮಾತು ಚೂರಾಗುತ್ತದೆ, ಒಂದನ್ನೂ ತೆಗೆದುಕೊಳ್ಳದಿದ್ದರೆ ಹೆದರಿದಂತೆ. ಎರಡು ಸಾಕು, ಅದೂ ಒಂದು ಸಂಗತಿ ಹೇಳಿ ಮುಗಿಸಿದ ಮೇಲೆ. ಪೂರ್ತಿ ಭಾಷಣ ಬರೆದುಕೊಂಡು ಹೋಗಬೇಡ ಎಂದಿದ್ದೆ. ಒಂದು ಚೀಟಿಯಲ್ಲಿ ಆರು ಅಂಕಿ, ನಾಲ್ಕು ಹೆಸರು, ಅಷ್ಟೇ. ಗುಟುಕು ನೀರು ಪ್ರಶ್ನೆ ಬಂದಾಗ ಕುಡಿ. ಯೋಚಿಸಲು ಮೂರು ಸೆಕೆಂಡು ಸಿಗುತ್ತದೆ. ಇದು ನನಗೆ ಒಬ್ಬ ಹಿರಿಯ ಅರ್ಥಧಾರಿ ಹೇಳಿಕೊಟ್ಟ ಉಪಾಯ. ಅವರ ಲೋಟದಲ್ಲಿರುತ್ತಿದ್ದುದು ಕಷಾಯ.

ಎದುರಿನ ಹುಡುಗಿಯೊಬ್ಬಳು ಎದ್ದು ಕೇಳಿದ್ದು ಒಂದೇ ಮಾತು: “ಹಾಗಾದರೆ ಡೆರಿ?” 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಮಂದಿ ಅದೇ ದಿನ ಸತ್ತಿದ್ದರು. 2010ರಲ್ಲಿ ಕ್ಯಾಮೆರಾನ್ ಸಂಸತ್ತಿನಲ್ಲಿ ನೇರವಾಗಿ ಕ್ಷಮೆ ಕೇಳಿದಾಗ ಅಲ್ಲಿನ ಚೌಕದಲ್ಲಿ ನೆರೆದಿದ್ದ ಜನ ಹರ್ಷೋದ್ಗಾರ ಮಾಡಿದ್ದರು. ಕ್ಷಮೆಗೆ ಬೆಲೆ ಇಲ್ಲ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಪೆಟ್ಟಿಲ್ಲ. ಮೊದಲ ವಾರ ವಾಲಿಯಾಗಿ ಮಾತನಾಡುವಾಗ ಮೊಮ್ಮಗಳೇ ಇದನ್ನು ಬಳಸಿದ್ದಳು.

ಅವಳು ನೀರು ಕುಡಿದಳಂತೆ. ಆಮೇಲೆ, “ಆ ಕ್ಷಮೆಗೆ ಮೊದಲು ಸಾವಿಲ್ ಆಯೋಗ ಹನ್ನೆರಡು ವರ್ಷ ಕುಳಿತು ಪ್ರತಿಯೊಂದು ಗುಂಡಿನ ಲೆಕ್ಕ ತೆಗೆದಿತ್ತು. ನೀವು ಇಂದು ಕೇಳುತ್ತಿರುವುದು ಆ ಹನ್ನೆರಡು ವರ್ಷ ಬಿಟ್ಟು ಉಳಿದದ್ದನ್ನು” ಎಂದಳಂತೆ.

ಫಲಿತಾಂಶದಲ್ಲಿ ಅವಳ ತಂಡ ಎರಡನೆಯದು. ಒಬ್ಬ ತೀರ್ಪುಗಾರರಿಗೆ ಅವಳು ವಿಷಯದ ಹೊರಗೆ ಹೋದಳು ಎನಿಸಿತಂತೆ. ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ನಾಲ್ಕನೆಯ ನಿಮಿಷದಲ್ಲಿ ಹ್ಯಾನ್‌ಸ್ಲೋಪ್ ಪಾರ್ಕಿನೊಳಗೆ ಹೊಕ್ಕವಳು ಹೊರಗೆ ಬರಲು ತಡ ಮಾಡಿದಳು ಎಂದು ಅವಳೇ ಒಪ್ಪಿಕೊಂಡಳು.

ಮೊನ್ನೆ ಮತ್ತೆ ಕರೆ ಬಂತು. ಮುಂದಿನ ಸುತ್ತಿಗೆ ಫಾಕ್‌ಲ್ಯಾಂಡ್ ಯುದ್ಧ. 1982ರ ಮೇ 2ರಂದು ಬ್ರಿಟಿಷ್ ಸಬ್‌ಮರೀನ್ ಮುಳುಗಿಸಿದ, 323 ಮಂದಿ ಸತ್ತ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೋ ಹಡಗಿನ ವಿಷಯ. ಚೀಟಿಯಲ್ಲಿ ಅವಳಿಗೆ ಈ ಸಲ ಆಗಿನ ಬ್ರಿಟಿಷ್ ಪ್ರಧಾನಿ ಥ್ಯಾಚರ್ ಪರ ವಾದಿಸುವ ಪಕ್ಷ. ದೂರು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಕಾಗದ, ಪೆನ್ಸಿಲ್ ಆಗಲೇ ಎದುರಿಗಿತ್ತು.

“ಅಜ್ಜ, ಹೊಡೆದಾಗ ಆ ಹಡಗು ಯಾವ ದಿಕ್ಕಿಗೆ ಹೋಗುತ್ತಿತ್ತು?”